ಸ್ವಾಲ್ಬಾರ್ಡ್‌ಗೆ ವೀಸಾನೇ ಬೇಡ ಅಂತಾರೆ, ಮಗನನ್ನು ಕಳಿಸಲಾ?

ಪ್ರಶ್ನೆ: ನನ್ನ ಮಗನಿಗೆ 27 ವರ್ಷ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ದುಬೈನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ, ಈಗ ಊರಿಗೆ ಬಂದಿದ್ದಾನೆ. ಉತ್ತರ ಧ್ರುವದ ಹತ್ತಿರ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ಎಂಬ ದ್ವೀಪಗಳಿವೆಯಂತೆ. ಅಲ್ಲಿಗೆ ಯಾರಿಗೂ ವೀಸಾ ಬೇಡ, ತೆರಿಗೆ ಕಡಿಮೆ, ಹೋದ ತಕ್ಷಣ ಕೆಲಸ ಸಿಗುತ್ತದೆ ಅಂತ ಒಬ್ಬ ಏಜೆಂಟ್ ತಲೆಗೆ ತುಂಬಿದ್ದಾನೆ. ಮೂರೂವರೆ ಲಕ್ಷ ಕೇಳುತ್ತಿದ್ದಾನೆ, ಅಕ್ಟೋಬರ್‌ನಲ್ಲೇ ಹೊರಡಬೇಕಂತೆ. ನಾನು ಯೂಟ್ಯೂಬ್ ನೋಡಿದರೆ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಇರುವುದಿಲ್ಲ, ಹಿಮಕರಡಿಗಳು ಊರೊಳಗೇ ಓಡಾಡುತ್ತವೆ, ಸಾಯುವುದಕ್ಕೂ ಕಾನೂನಿನಲ್ಲಿ ಅವಕಾಶ ಇಲ್ಲ ಅಂತೆಲ್ಲ ಇದೆ. ಹಿಮ ಕರಗಿ ಊರೇ ಕುಸಿಯುತ್ತಿದೆ ಅಂತಲೂ ಕೇಳಿದೆ. ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಕಳಿಸಲಾ, ಬೇಡವಾ?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಏಜೆಂಟ್ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಕ್ಟೋಬರ್‌ನಲ್ಲಂತೂ ಕಳಿಸಲೇಬೇಡಿ. ಹಾಗಂತ ನಿಮ್ಮ ಮಗನ ಆಸೆ ಹುಚ್ಚಲ್ಲ. ಕೆಲಸದ ಪತ್ರ, ಇರಲು ಒಂದು ಕೋಣೆ, ಈ ಎರಡೂ ಗಟ್ಟಿಯಾದ ಮೇಲೆ ಹೊರಟರೆ ಅವನು ಅಲ್ಲಿ ಚೆನ್ನಾಗಿಯೇ ಇರಬಹುದು.

ನಾನು ಹಿಮನದಿಗಳನ್ನು ಅಧ್ಯಯನ ಮಾಡುವವನು. ಆ ಕೆಲಸಕ್ಕಾಗಿ ಹಲವು ಸಲ ಅಲ್ಲಿ ಉಳಿದಿದ್ದೇನೆ. ನಿಮ್ಮ ಪತ್ರ ಓದಿದರೆ ನಿಮಗೆ ಕರಡಿಯ ಭಯ ಅಂತ ಗೊತ್ತಾಗುತ್ತದೆ. ನನಗೆ ಮನೆ ಬಾಡಿಗೆಯ ಭಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಜಾಗದ ಬಗ್ಗೆ ಸ್ವಲ್ಪ. ಸ್ವಾಲ್ಬಾರ್ಡ್ ಒಂದು ದ್ವೀಪವಲ್ಲ, ದ್ವೀಪಗಳ ಗುಂಪು. ನಾರ್ವೆಯ ಉತ್ತರ ತುದಿ ಮತ್ತು ಧ್ರುವದ ನಡುವೆ, ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿದೆ. ಒಟ್ಟು ವಿಸ್ತೀರ್ಣ ಸುಮಾರು 61,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಮನದಿಗಳ ಅಡಿಯಲ್ಲಿದೆ. ಎಲ್ಲಕ್ಕಿಂತ ದೊಡ್ಡ ದ್ವೀಪ ಸ್ಪಿಟ್ಸ್‌ಬರ್ಗನ್. ಮುಖ್ಯ ಊರು ಲಾಂಗ್‌ಯೀರ್‌ಬ್ಯೆನ್ ಅದರಲ್ಲೇ ಇದೆ. ಊರಲ್ಲಿ ಸುಮಾರು 2,500 ಜನ. ಒಂದು ಊರಿಂದ ಇನ್ನೊಂದು ಊರಿಗೆ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ. ಮರ ಅನ್ನುವುದೂ ಇಲ್ಲ. ವಿಲ್ಲೋ ಗಿಡ ಇದೆ, ಆದರೆ ಅದು ನೆಲಕ್ಕೆ ಅಂಟಿಕೊಂಡು ಹಬ್ಬುತ್ತದೆ. ನೋಡದೆ ತುಳಿದುಕೊಂಡು ಹೋಗುತ್ತೀರಿ, ಅಷ್ಟು ಪುಟ್ಟದು.

ಅಷ್ಟು ಉತ್ತರದಲ್ಲಿದ್ದರೂ ಅಲ್ಲಿ ಜನ ಇರಲು ಆಗುವುದಕ್ಕೆ ಕಾರಣ ಸಮುದ್ರ. ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ನೀರಿನ ಪ್ರವಾಹ ಪಶ್ಚಿಮ ತೀರವನ್ನು ಸವರಿಕೊಂಡು ಹೋಗುತ್ತದೆ. ಹಾಗಾಗಿ ಅದೇ ಅಕ್ಷಾಂಶದಲ್ಲಿರುವ ಕೆನಡಾದ ದ್ವೀಪಗಳಷ್ಟು ಕೊರೆಯುವ ಚಳಿ ಇಲ್ಲಿಲ್ಲ. ಚಳಿಗಾಲದಲ್ಲಿ ಸಾಮಾನ್ಯವಾಗಿ ಮೈನಸ್ 10ರಿಂದ 20 ಡಿಗ್ರಿ, ಜುಲೈನಲ್ಲಿ ಆರೇಳು ಡಿಗ್ರಿ. ಗಾಳಿ ಬೀಸಿದರೆ ಮಾತ್ರ ಈ ಲೆಕ್ಕ ಮರೆತುಬಿಡಿ.

ಈಗ ವೀಸಾ ವಿಷಯ. ಏಜೆಂಟ್ ಹೇಳಿದ್ದು ಸುಳ್ಳಲ್ಲ. ಅರ್ಧ ನಿಜ. ಮೋಸಕ್ಕೆ ಅರ್ಧ ನಿಜವೇ ಜಾಸ್ತಿ ಅನುಕೂಲ, ಅಲ್ವಾ? 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದ ಆಯಿತು. ದ್ವೀಪಗಳ ಮೇಲೆ ನಾರ್ವೆಗೆ ಒಡೆತನ, ಆದರೆ ಸಹಿ ಹಾಕಿದ ದೇಶಗಳ ಜನರಿಗೆಲ್ಲ ಅಲ್ಲಿ ಗಣಿ, ಮೀನುಗಾರಿಕೆ, ವ್ಯಾಪಾರ ಮಾಡಲು ಸಮಾನ ಹಕ್ಕು. ಬ್ರಿಟಿಷರ ಆಳ್ವಿಕೆಯ ಕಾಲ ಅದು, ಆಗಲೇ ಭಾರತದ ಹೆಸರೂ ಅದರಲ್ಲಿ ಸೇರಿತ್ತು. ಹಾಗಾಗಿ ಸ್ವಾಲ್ಬಾರ್ಡ್‌ನಲ್ಲಿ ಇರಲು ವೀಸಾ ಬೇಡ, ಕೆಲಸ ಮಾಡಲು ವರ್ಕ್ ಪರ್ಮಿಟ್ ಬೇಡ. ಇಷ್ಟು ನಿಜ.

ಉಳಿದರ್ಧ ಏನು ಅಂದರೆ, ಅಲ್ಲಿಗೆ ತಲುಪುವ ದಾರಿ. ಸಾಮಾನ್ಯ ಪ್ರಯಾಣಿಕರ ವಿಮಾನ ಹೊರಡುವುದು ಓಸ್ಲೋ ಅಥವಾ ಟ್ರೋಮ್ಸೊದಿಂದ. ಅವೆರಡೂ ನಾರ್ವೆಯ ಮುಖ್ಯ ಭೂಮಿ, ಶೆಂಗೆನ್ ವಲಯ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಕಾಲಿಡಲು ಶೆಂಗೆನ್ ವೀಸಾ ಬೇಕೇ ಬೇಕು. ಸ್ವಾಲ್ಬಾರ್ಡ್ ಶೆಂಗೆನ್ ಹೊರಗಿದೆ. ಅಂದರೆ ವಿಮಾನ ಹತ್ತಿದ ತಕ್ಷಣ ನೀವು ಶೆಂಗೆನ್ ಬಿಟ್ಟು ಹೊರಟ ಲೆಕ್ಕ. ವಾಪಸ್ ಬರುವಾಗ ಮತ್ತೆ ಒಳಗೆ ಬರಬೇಕು. ಅದಕ್ಕೇ ಕನಿಷ್ಠ ಎರಡು ಸಲ ಪ್ರವೇಶ ಕೊಡುವ ವೀಸಾ ಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವನು, ಇಲ್ಲವೇ ಅಲ್ಲಿದ್ದಾಗಲೇ ವೀಸಾ ಅವಧಿ ಮುಗಿಸಿಕೊಂಡವನು, ಊರಿಗೆ ಬರುವ ಹೊತ್ತಿಗೆ ಪೇಚಿಗೆ ಸಿಗುತ್ತಾನೆ. ಈ ವಿಷಯವನ್ನು ಏಜೆಂಟ್ ನಿಮಗೆ ಹೇಳಿದ್ದಾನಾ? ಕೇಳಿ ನೋಡಿ.

ಇನ್ನು ತೆರಿಗೆ. ಅದೂ ಅದೇ ಒಪ್ಪಂದದಿಂದ ಬಂದದ್ದು. ಸ್ವಾಲ್ಬಾರ್ಡ್‌ನಲ್ಲಿ ಸಂಗ್ರಹಿಸಿದ ತೆರಿಗೆಯನ್ನು ಸ್ವಾಲ್ಬಾರ್ಡ್‌ಗೇ ಖರ್ಚು ಮಾಡಬೇಕು ಅಂತ ಅದರಲ್ಲಿ ಬರೆದಿದೆ. ಹಾಗಾಗಿ ನಾರ್ವೆಯ ಮುಖ್ಯ ಭೂಮಿಗಿಂತ ತೆರಿಗೆ ತುಂಬ ಕಡಿಮೆ. ಆದರೆ ನಾರ್ವೆ ಅಂದಾಗ ನಮಗೆ ನೆನಪಾಗುವ ನಿರುದ್ಯೋಗ ಭತ್ಯೆ, ಸಮಾಜ ಕಲ್ಯಾಣ, ವೃದ್ಧರ ಆರೈಕೆ, ಇವೂ ಅಲ್ಲಿಲ್ಲ. ದುಡಿದು ನಿನ್ನ ಖರ್ಚು ನೀನೇ ನೋಡಿಕೊಳ್ಳುವವರೆಗೆ ಇರು, ಆಗದಿದ್ದರೆ ಹೊರಡು ಅನ್ನುವುದು ಅಲ್ಲಿನ ನಿಯಮ. ಕೈಯಲ್ಲಿ ದುಡ್ಡಿಲ್ಲದವರನ್ನು ಹೊರಗೆ ಕಳಿಸುವ ಅಧಿಕಾರ ಅಲ್ಲಿನ ಗವರ್ನರ್‌ಗೆ ಇದೆ. ಸುಮ್ನೆ ಕಾಗದದ ಮೇಲಿರುವ ಅಧಿಕಾರ ಅಂದುಕೊಳ್ಳಬೇಡಿ. ಇನ್ನೊಂದು ಮಾತು: ಅಲ್ಲಿ ಎಷ್ಟು ವರ್ಷ ದುಡಿದರೂ ಅದು ನಾರ್ವೆಯ ಕಾಯಂ ವಾಸಕ್ಕಾಗಲಿ ಪೌರತ್ವಕ್ಕಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಯೂರೋಪಿಗೆ ಹಿಂಬಾಗಿಲು ಅಂತ ಯಾರಾದರೂ ಹೇಳಿದರೆ, ಆ ಬಾಗಿಲಿನ ಹಿಂದೆ ಗೋಡೆ ಇದೆ.

ಈಗ ನನ್ನ ಭಯದ ವಿಷಯಕ್ಕೆ ಬರುತ್ತೇನೆ. ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಖಾಲಿ ಮನೆ ಹುಡುಕಿ ಅಡ್ವಾನ್ಸ್ ಕೊಟ್ಟು ಸೇರಿಕೊಳ್ಳುವ ವ್ಯವಸ್ಥೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಹೆಚ್ಚಿನ ಮನೆಗಳು ಕಂಪನಿ, ವಿಶ್ವವಿದ್ಯಾಲಯ, ಸರ್ಕಾರದ ಕೈಯಲ್ಲಿವೆ. ಕೆಲಸದ ಜೊತೆ ಮನೆ ಬರುತ್ತದೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮನಸ್ಸು ಬಂದಲ್ಲಿ ಹೊಸ ಮನೆ ಕಟ್ಟೋಣ ಅಂದರೆ ನೆಲ ಬಿಡುವುದಿಲ್ಲ. ಅಲ್ಲಿನ ನೆಲ ನೂರಾರು ಮೀಟರ್ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಒಂದು ಮೀಟರ್‌ನಷ್ಟು ಮಾತ್ರ ಕರಗಿ ಕೆಸರಾಗುತ್ತದೆ. ಅದಕ್ಕೇ ಮನೆಗಳನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಮನೆಯ ಬಿಸಿ ನೆಲಕ್ಕೆ ತಾಗಿ ಅದು ಕರಗಬಾರದು ಅಂತ. ನೀರಿನ ಪೈಪು, ಒಳಚರಂಡಿ ಪೈಪು, ಬಿಸಿನೀರಿನ ಪೈಪು ಎಲ್ಲ ದಪ್ಪ ಹೊದಿಕೆ ಸುತ್ತಿಕೊಂಡು ನೆಲದ ಮೇಲೇ ಮನೆಯಿಂದ ಮನೆಗೆ ಹೋಗುತ್ತವೆ. ಅವುಗಳ ಮೇಲೆ ಅಲ್ಲಲ್ಲಿ ಮರದ ಮೆಟ್ಟಿಲು ಹಾಕಿರುತ್ತಾರೆ, ಜನ ಹತ್ತಿ ಇಳಿದು ದಾಟುತ್ತಾರೆ.

ಜೊತೆಗೆ 2015ರ ಡಿಸೆಂಬರ್ 19ರಂದು ಊರಿನ ಪಕ್ಕದ ಬೆಟ್ಟದಿಂದ ಹಿಮಕುಸಿತ ಆಗಿ 11 ಮನೆಗಳು ನೆಲಸಮವಾದವು. ಇಬ್ಬರು ಸತ್ತರು, ಅವರಲ್ಲೊಂದು ಪುಟ್ಟ ಮಗು. 2017ರಲ್ಲಿ ಮತ್ತೆ ಕುಸಿಯಿತು. ಆಮೇಲೆ ಬೆಟ್ಟದ ಬುಡದಲ್ಲಿದ್ದ ನೂರಕ್ಕೂ ಹೆಚ್ಚು ಮನೆಗಳನ್ನು ಅಪಾಯದ ಜಾಗ ಅಂತ ಖಾಲಿ ಮಾಡಿಸಿದರು. ಮೊದಲೇ ಇಲ್ಲದ ಮನೆ ಇನ್ನೂ ಕಡಿಮೆಯಾಯಿತು. ಇಂಥಲ್ಲಿಗೆ ಒಂದು ಸೂಟ್‌ಕೇಸ್ ಹಿಡಿದು ಹೋಗಿ, ಹೋಟೆಲ್ ಕೋಣೆಯಲ್ಲಿ ಉಳಿದು ಕೆಲಸ ಹುಡುಕುತ್ತೇನೆ ಅಂದರೆ, ದುಬೈನಲ್ಲಿ ಕೂಡಿಟ್ಟದ್ದು ಎರಡು ವಾರಕ್ಕೆ ಬರಿದಾಗುತ್ತದೆ.

ಅಕ್ಟೋಬರ್ ಯಾಕೆ ಬೇಡ ಅಂದೆ ಅಂದರೆ, ಹೋಟೆಲ್ ಕೆಲಸಕ್ಕೆ ಅಲ್ಲಿ ಎರಡು ಸೀಸನ್. ಮಾರ್ಚ್‌ನಿಂದ ಮೇವರೆಗೆ ಸ್ನೋಮೊಬೈಲ್ ಪ್ರವಾಸಿಗರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಡಗು, ದೋಣಿ ಪ್ರವಾಸಿಗರು. ಅಕ್ಟೋಬರ್ ಕೊನೆಗೆ ಕತ್ತಲು ಶುರು, ಬರುವವರೂ ಕಡಿಮೆ. ಎಲ್ಲರೂ ಕೈಬಿಡುವ ಹೊತ್ತಿಗೆ ಹೊಸಬ ಬಂದಿಳಿದರೆ ಯಾರು ಕೆಲಸ ಕೊಡುತ್ತಾರೆ?

ಕತ್ತಲು ಅಂದೆನಲ್ಲ, ಅದು ಕಟ್ಟುಕತೆಯಲ್ಲ. ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಅಕ್ಟೋಬರ್ 26ರ ಸುಮಾರಿಗೆ ಮುಳುಗಿದ ಸೂರ್ಯ ಫೆಬ್ರವರಿ ಮಧ್ಯದವರೆಗೆ ಏಳುವುದಿಲ್ಲ. ಹಾಗಂತ ನಾಲ್ಕು ತಿಂಗಳೂ ಒಂದೇ ಕತ್ತಲಲ್ಲ. ಮೊದಲ ಎರಡು ಮೂರು ವಾರ ಮಧ್ಯಾಹ್ನದ ಹೊತ್ತಿಗೆ ಆಕಾಶ ನೀಲಿ ಬಣ್ಣಕ್ಕೆ ತಿರುಗಿ ಸ್ವಲ್ಪ ಬೆಳಕಿರುತ್ತದೆ. ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ಮಾತ್ರ ಗಡಿಯಾರ ನೋಡದೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಸೂರ್ಯ ಮತ್ತೆ ಹುಟ್ಟಿದ ಮೇಲೂ ಬೆಟ್ಟ ಅಡ್ಡ ಇರುವುದರಿಂದ ಊರಿಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಆ ದಿನ ಊರಿಗೂರೇ ಹಳೇ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರುತ್ತದೆ, ಮಕ್ಕಳು ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು ಬರುತ್ತಾರೆ. ಏಪ್ರಿಲ್ 20ರಿಂದ ಆಗಸ್ಟ್ 22ರ ತನಕ ಇದರ ಉಲ್ಟಾ, ಸೂರ್ಯ ಮುಳುಗುವುದೇ ಇಲ್ಲ.

ನನ್ನ ಅನುಭವದಲ್ಲಿ ಹೊಸಬರನ್ನು ಜಾಸ್ತಿ ಕಾಡುವುದು ಈ ಬೆಳಕು. ಕತ್ತಲಿಗೆ ಎಲ್ಲರೂ ತಯಾರಾಗಿ ಬರುತ್ತಾರೆ, ವಿಟಮಿನ್ ಡಿ ಮಾತ್ರೆ, ತಲೆಗೆ ಕಟ್ಟುವ ಟಾರ್ಚ್ ಎಲ್ಲ ತರುತ್ತಾರೆ. ಬೆಳಕಿಗೆ ಯಾರೂ ತಯಾರಾಗಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಣ್ಣು ಕುಕ್ಕುವ ಬಿಸಿಲು. ನಿದ್ದೆ ಕೆಟ್ಟು, ಸಿಟ್ಟು ಬಂದು, ಕೆಲಸದ ಜಾಗದಲ್ಲಿ ಜಗಳ. ಕಪ್ಪು ಪರದೆ ಎಳೆದುಕೊಂಡು ಹೊತ್ತು ಹೊತ್ತಿಗೆ ಮಲಗುವ ಶಿಸ್ತು ಇದ್ದವರು ಎರಡನ್ನೂ ದಾಟುತ್ತಾರೆ. ಕತ್ತಲಲ್ಲಿ ಕುಡಿತಕ್ಕೆ ಬೀಳುವವರೂ ಇದ್ದಾರೆ. ಮಗನ ಸ್ವಭಾವ ನಿಮಗೇ ಗೊತ್ತಿರುತ್ತದೆ.

ಸಾಯಬಾರದು ಅನ್ನುವ ಕಾನೂನು ಇದೆಯಾ? ಇಲ್ಲ. ಇದು ಅಂತರ್ಜಾಲದಲ್ಲಿ ಓಡಾಡುವ ತಮಾಷೆ. ಸಾವು ಎಲ್ಲಿಯಂತೆ ಅಲ್ಲೂ ಬರುತ್ತದೆ. ನಿಜ ಇಷ್ಟೇ: ಹೆಪ್ಪುಗಟ್ಟಿದ ನೆಲದಲ್ಲಿ ಶವ ಕೊಳೆಯುವುದಿಲ್ಲ, ನೆಲ ಪ್ರತಿವರ್ಷ ಹಿಗ್ಗಿ ಕುಗ್ಗುವುದರಿಂದ ಹೂತ ಪೆಟ್ಟಿಗೆ ನಿಧಾನಕ್ಕೆ ಮೇಲೆ ಬರುತ್ತದೆ. ಅದಕ್ಕೆ 1950ರಿಂದ ಅಲ್ಲಿ ಪೆಟ್ಟಿಗೆಯಲ್ಲಿ ಹೂಳುವುದನ್ನು ನಿಲ್ಲಿಸಿದ್ದಾರೆ. ಅನುಮತಿ ಪಡೆದು ಬೂದಿಯ ಕುಡಿಕೆ ಇಡಬಹುದು. 1918ರಲ್ಲಿ ಜಗತ್ತಿಗೆಲ್ಲ ಹರಡಿದ ಫ್ಲೂ ಜ್ವರದಲ್ಲಿ ಸತ್ತ ಏಳು ಜನ ಯುವಕರನ್ನು ಅಲ್ಲಿ ಹೂತಿದ್ದರು. 1998ರಲ್ಲಿ ವಿಜ್ಞಾನಿಗಳು ಆ ವೈರಸ್ ಇನ್ನೂ ಉಳಿದಿದೆಯಾ ಅಂತ ಆ ಗೋರಿಗಳನ್ನು ಅಗೆದು ನೋಡಿದರು. ಪೆಟ್ಟಿಗೆಗಳು ಅಂದುಕೊಂಡದ್ದಕ್ಕಿಂತ ಮೇಲೇ ಇದ್ದವು, ಜೀವಂತ ವೈರಸ್ ಸಿಗಲಿಲ್ಲ. ಹುಟ್ಟಬಾರದು ಅನ್ನುವುದೂ ಇದೇ ತರಹದ ಮಾತು. ಊರಲ್ಲಿರುವುದು ಚಿಕ್ಕ ಆಸ್ಪತ್ರೆ, ಹೆರಿಗೆಗೆ ಮುಂಚಿತವಾಗಿ ಮುಖ್ಯ ಭೂಮಿಗೆ ಹೋಗಬೇಕು. ಭಾರೀ ಅಪಘಾತ, ಹೃದಯದ ತೊಂದರೆ ಅಂದರೂ ವಿಮಾನದಲ್ಲಿ ಟ್ರೋಮ್ಸೊಗೆ ಕರೆದೊಯ್ಯುತ್ತಾರೆ. ಹವಾಮಾನ ಕೆಟ್ಟಿದ್ದರೆ ಕಾಯಬೇಕು. ಮಗನಿಗೆ ಏನಾದರೂ ಹಳೇ ಕಾಯಿಲೆ ಇದ್ದರೆ ನೀವು ಯೋಚಿಸಬೇಕಾದದ್ದು ಇದನ್ನು.

ಕರಡಿ. ಸ್ವಾಲ್ಬಾರ್ಡ್ ಪಕ್ಕದ ಬ್ಯಾರೆಂಟ್ಸ್ ಸಮುದ್ರದ ಸುತ್ತಮುತ್ತ ಸುಮಾರು 3,000 ಹಿಮಕರಡಿಗಳಿವೆ, ಆದರೆ ವರ್ಷವಿಡೀ ಸ್ವಾಲ್ಬಾರ್ಡ್‌ನಲ್ಲೇ ಇರುವುದು 300ರ ಆಸುಪಾಸು. ಬೀದಿ ನಾಯಿಯ ಹಾಗೆ ಊರೊಳಗೆ ಅಲೆಯುವುದಿಲ್ಲ. ಒಮ್ಮೊಮ್ಮೆ ಬರುತ್ತದೆ, ಬಂದರೆ ಗವರ್ನರ್ ಕಡೆಯವರು ಹೆಲಿಕಾಪ್ಟರ್ ಹಾರಿಸಿ ಓಡಿಸುತ್ತಾರೆ. 1971ರಿಂದ 2020ರವರೆಗೆ ಕರಡಿಯಿಂದ ಸತ್ತವರು ಆರು ಜನ. ಕೊನೆಯದು 2020ರ ಆಗಸ್ಟ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಕ್ಯಾಂಪಿಂಗ್ ಜಾಗದಲ್ಲಿ ಟೆಂಟ್‌ನಲ್ಲಿ ಮಲಗಿದ್ದವನ ಮೇಲೆ ನಡೆದ ದಾಳಿ. ಊರು ಮುಗಿಯುವ ಜಾಗದಲ್ಲಿ ಕರಡಿಯ ಚಿತ್ರ ಇರುವ ತ್ರಿಕೋನ ಫಲಕ ಇದೆ, ಕೆಳಗೆ ‘ಇದು ಇಡೀ ಸ್ವಾಲ್ಬಾರ್ಡ್‌ಗೆ ಅನ್ವಯ’ ಅಂತ ನಾರ್ವೇಜಿಯನ್‌ನಲ್ಲಿ ಬರೆದಿದೆ. ಅದನ್ನು ದಾಟಿ ಹೋಗುವವರ ಬಳಿ ಕರಡಿಯನ್ನು ಬೆದರಿಸುವ ಸಾಧನ ಇರಲೇಬೇಕು. ಸಿಗ್ನಲ್ ಪಿಸ್ತೂಲು, ಜೊತೆಗೆ ಸಾಮಾನ್ಯವಾಗಿ ರೈಫಲ್. ಅಂಗಡಿ ಬಾಗಿಲಲ್ಲಿ ಬಂದೂಕು ಒಳಗೆ ತರಬೇಡಿ ಅನ್ನುವ ಫಲಕವೂ ಇರುತ್ತದೆ. 2025ರಿಂದ ಕರಡಿಯಿಂದ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಇದು ಕರಡಿಯ ನೆಮ್ಮದಿಗಾಗಿ ಮಾಡಿದ ನಿಯಮ. 1973ರಿಂದ ಅದನ್ನು ಕೊಲ್ಲುವಂತಿಲ್ಲ, ಪ್ರಾಣಕ್ಕೆ ಬಂದಾಗ ಮಾತ್ರ ವಿನಾಯಿತಿ. ಅಡುಗೆಮನೆಯಲ್ಲಿ ಕೆಲಸ ಮಾಡಿ ಕೋಣೆಗೆ ಬರುವ ಹುಡುಗನಿಗೆ ಕರಡಿ ಕಾಣುವ ಸಾಧ್ಯತೆಯೇ ಕಡಿಮೆ. ಅವನು ನೋಡುವುದು ಹಿಮಸಾರಂಗ. ಕುಳ್ಳ ಕಾಲು, ದುಂಡು ಹೊಟ್ಟೆಯ ಪ್ರಾಣಿ, ಮನೆಗಳ ನಡುವೆ ತನ್ನ ಪಾಡಿಗೆ ಮೇಯುತ್ತಿರುತ್ತದೆ. ನರಿಯೂ ಕಾಣಿಸುತ್ತದೆ. ಮುದ್ದಾಗಿದೆ ಅಂತ ಹತ್ತಿರ ಹೋಗಬಾರದು, ಅಲ್ಲಿನ ನರಿಗಳಲ್ಲಿ ರೇಬಿಸ್ ಇದೆ.

ನಾನು ಮಗನಿಗೆ ಹೇಳುವ ಎಚ್ಚರಿಕೆ ಬೇರೆ. ಸ್ನೋಮೊಬೈಲ್. ಅಲ್ಲಿ ಸ್ಕೂಟರ್‌ನಂತೆ ಎಲ್ಲರ ಮನೆ ಮುಂದೆ ನಿಂತಿರುತ್ತದೆ, ಗೆಳೆಯರು ಬಾ ಅಂತಾರೆ. ಹಿಮನದಿಯ ಮೇಲೆ ಬಿರುಕುಗಳಿರುತ್ತವೆ, ಹೊಸ ಹಿಮ ಅವುಗಳ ಬಾಯಿ ಮುಚ್ಚಿರುತ್ತದೆ. ಕಡಲ ಮೇಲಿನ ಮಂಜುಗಡ್ಡೆ ಮೊದಲಿನಷ್ಟು ಗಟ್ಟಿಯಿಲ್ಲ. 2006ರ ನಂತರ ಪಶ್ಚಿಮದ ಎಷ್ಟೋ ಫ್ಯೋರ್ಡ್‌ಗಳು, ಅಂದರೆ ಬೆಟ್ಟಗಳ ನಡುವೆ ಒಳಗೆ ಚಾಚಿದ ಕಡಲ ತೋಳುಗಳು, ಚಳಿಗಾಲದಲ್ಲೂ ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ. ದಾರಿ ಗೊತ್ತಿರುವ ಗೈಡ್ ಇಲ್ಲದೆ ಊರು ಬಿಟ್ಟು ಹೋಗಬಾರದು. ಅಲ್ಲಿನ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಪಾಠಕ್ಕೂ ಮೊದಲು ಸುರಕ್ಷತೆಯ ತರಬೇತಿ ಕೊಡುತ್ತಾರೆ. ಅದರಲ್ಲಿ ರೈಫಲ್ ಹಿಡಿಯುವುದೂ ಸೇರಿದೆ.

ಊರು ಕುಸಿಯುತ್ತಿದೆಯಾ ಅನ್ನುವುದು ನನ್ನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. 1970ರ ದಶಕದಿಂದ ಈಚೆಗೆ ಸ್ವಾಲ್ಬಾರ್ಡ್‌ನ ಸರಾಸರಿ ತಾಪಮಾನ 3ರಿಂದ 5 ಡಿಗ್ರಿ ಏರಿದೆ. ಭೂಮಿಯ ಉಳಿದ ಭಾಗಕ್ಕೆ ಹೋಲಿಸಿದರೆ ಇದು ಹಲವು ಪಟ್ಟು ವೇಗ. ಸಮುದ್ರದ ಮೇಲೆ ಮಂಜುಗಡ್ಡೆ ಇದ್ದಾಗ ಬಿಸಿಲು ಪ್ರತಿಫಲಿಸಿ ವಾಪಸ್ ಹೋಗುತ್ತಿತ್ತು, ನೀರಿನ ಶಾಖ ಕೆಳಗೇ ಉಳಿಯುತ್ತಿತ್ತು. ಮಂಜುಗಡ್ಡೆ ಹೋದ ಮೇಲೆ ಕಪ್ಪು ನೀರು ಬಿಸಿಲನ್ನು ಹೀರುತ್ತದೆ, ಚಳಿಗಾಲದಲ್ಲಿ ಆ ಶಾಖವನ್ನು ಗಾಳಿಗೆ ಬಿಡುತ್ತದೆ. ಬೆಚ್ಚಗಾದಷ್ಟೂ ಮಂಜುಗಡ್ಡೆ ಕಡಿಮೆ, ಕಡಿಮೆಯಾದಷ್ಟೂ ಇನ್ನೂ ಬೆಚ್ಚಗೆ. 2020ರ ಜುಲೈ 25ರಂದು ಲಾಂಗ್‌ಯೀರ್‌ಬ್ಯೆನ್‌ನಲ್ಲಿ 21.7 ಡಿಗ್ರಿ ದಾಖಲಾಯಿತು.

ಇದರ ಪೆಟ್ಟು ಹೇಗಿರುತ್ತದೆ ಅಂದರೆ, 2012ರ ಜನವರಿ ಕೊನೆಯಲ್ಲಿ, ನಡುಚಳಿಗಾಲದಲ್ಲಿ, ಜೋರು ಮಳೆ ಬಂತು. ಹಿಮದ ಮೇಲೆ ಬಿದ್ದ ನೀರು ಹೆಪ್ಪುಗಟ್ಟಿ ನೆಲವೆಲ್ಲ ಗಾಜಾಯಿತು. ಹಿಮಸಾರಂಗಗಳು ಸಾಮಾನ್ಯವಾಗಿ ಗೊರಸಿನಿಂದ ಹಿಮ ಕೆದಕಿ ಕೆಳಗಿನ ಹುಲ್ಲು, ಪಾಚಿ ತಿನ್ನುತ್ತವೆ. ಹಿಮವನ್ನು ಕೆದಕಬಹುದು, ಗಾಜನ್ನು ಕೆದಕಲು ಆಗುತ್ತದಾ? ಹಸಿದು ಎಷ್ಟೋ ಸತ್ತವು. ಇಂಥ ವರ್ಷಗಳಲ್ಲಿ ಕೆಲವು ಕಡಲತೀರಕ್ಕೆ ಇಳಿದು ದಡಕ್ಕೆ ಬಿದ್ದ ಕಡಲಪಾಚಿ ತಿಂದು ಬದುಕುತ್ತವೆ. ಮನುಷ್ಯರ ಕಡೆ ಬಂದರೆ, ಕರಗುವ ನೆಲದಲ್ಲಿ ಕಂಬಗಳು ವಾಲುತ್ತವೆ, ಹೊಸ ಕಟ್ಟಡಗಳಿಗೆ ಇನ್ನೂ ಆಳದ ಅಡಿಪಾಯ ಬೇಕಾಗುತ್ತಿದೆ. ಆದರೆ ನಾಳೆಯೇ ಊರು ಮುಳುಗುವುದಿಲ್ಲ. ಎರಡು ವರ್ಷ ದುಡಿಯಲು ಹೋಗುವವನು ಇದಕ್ಕೆ ಹೆದರಬೇಕಾಗಿಲ್ಲ. ಕೋಣೆ ಯಾವ ಕಡೆ ಇದೆ, ಬೆಟ್ಟದ ಬುಡಕ್ಕಾ ಅಂತ ಒಂದು ಮಾತು ಕೇಳಿದರೆ ಸಾಕು.

ಜಗತ್ತಿನ ಬೆಳೆಗಳ ಬೀಜಗಳನ್ನು ಕಾದಿಡಲು ಅಲ್ಲಿ ಕಟ್ಟಿರುವ ಬೀಜಗಳ ಭಂಡಾರವೂ ಕರಗಿಹೋಯಿತು ಅಂತ ಕೆಲವು ವೀಡಿಯೊಗಳಲ್ಲಿ ಹೇಳುತ್ತಾರೆ. ಅದೂ ತಪ್ಪು. 2008ರಲ್ಲಿ ಶುರುವಾದ ಆ ಭಂಡಾರದ ಪ್ರವೇಶದ ಸುರಂಗಕ್ಕೆ 2016ರಲ್ಲಿ ನೀರು ನುಗ್ಗಿದ್ದು ಹೌದು. ಬೀಜಗಳ ತನಕ ಹೋಗಲಿಲ್ಲ, ಆಮೇಲೆ ಸುರಂಗವನ್ನೇ ಹೊಸದಾಗಿ ಕಟ್ಟಿದರು. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇಟ್ಟಿರುವ ಜೋಳ, ಸಜ್ಜೆ, ತೊಗರಿ, ಕಡಲೆ ಬೀಜಗಳು ಮೈನಸ್ 18 ಡಿಗ್ರಿಯಲ್ಲಿ ಅಲ್ಲಿ ಸುರಕ್ಷಿತವಾಗಿವೆ.

ನಮ್ಮವರು ಯಾರಾದರೂ ಅಲ್ಲಿದ್ದಾರಾ ಅಂತ ನಿಮಗೆ ಅನ್ನಿಸಬಹುದು. ಇನ್ನೂ ಉತ್ತರಕ್ಕೆ ನಿ-ಓಲೆಸುಂಡ್ ಅನ್ನುವ ಸಂಶೋಧಕರ ಊರಿದೆ, ಅಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರ ಇದೆ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದ ತಂಡ ಹೋಯಿತು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಆದರೆ ಅದು ವಿಜ್ಞಾನಿಗಳ ದಾರಿ, ಹೋಟೆಲ್ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಲಾಂಗ್‌ಯೀರ್‌ಬ್ಯೆನ್‌ನಲ್ಲಿ ಸುಮಾರು 50 ದೇಶಗಳ ಜನ ಇದ್ದಾರೆ. ಥಾಯ್ಲೆಂಡ್, ಫಿಲಿಪೀನ್ಸ್‌ನವರು ಜಾಸ್ತಿ, ಅವರಲ್ಲಿ ಬಹಳ ಮಂದಿ ಹೋಟೆಲ್, ಸ್ವಚ್ಛತೆಯ ಕೆಲಸದಲ್ಲಿ. ಹಾಗಾಗಿ ಅಕ್ಕಿ, ಹಸಿಮೆಣಸಿನಕಾಯಿಗೆ ತೊಂದರೆ ಇಲ್ಲ, ಬೆಲೆ ಕೇಳಿ ಬೆಚ್ಚಬಾರದು ಅಷ್ಟೇ. ತರಕಾರಿಯೆಲ್ಲ ವಿಮಾನ, ಹಡಗಿನಲ್ಲಿ ಬರಬೇಕಲ್ಲ. ಹೋಟೆಲ್ ಬಾಗಿಲಲ್ಲೇ ಎಲ್ಲರೂ ಶೂ ಕಳಚಿ ಒಳಗೆ ಹೋಗುತ್ತಾರೆ. ಕಲ್ಲಿದ್ದಲ ಗಣಿಯ ಕಾಲದ ಅಭ್ಯಾಸ, ಇದ್ದಲ ಪುಡಿ ಒಳಗೆ ಬರಬಾರದು ಅಂತ. ನಾರ್ವೆಯವರ ಕೊನೆಯ ಗಣಿ 2025ರ ಜೂನ್‌ನಲ್ಲಿ ಮುಚ್ಚಿತು, ಅಭ್ಯಾಸ ಉಳಿದಿದೆ. ಗಣಿ ಹೋದ ಮೇಲೆ ಊರು ನಿಂತಿರುವುದು ಪ್ರವಾಸೋದ್ಯಮ, ಸಂಶೋಧನೆಯ ಮೇಲೆ. ಆದ್ದರಿಂದ ಒಳ್ಳೆಯ ಅಡುಗೆಯವನಿಗೆ ಬೇಡಿಕೆ ಇದೆ ಅನ್ನುವುದೂ ಸುಳ್ಳಲ್ಲ.

ಹಾಗಾದರೆ ಏನು ಮಾಡಬಹುದು? ಕೆಲಸ ಇಲ್ಲದೆ ಹೋಗಿ ಹುಡುಕುವುದು ಒಂದು. ಅದರ ಗತಿ ಮೇಲೆ ಹೇಳಿದ್ದೇನೆ, ನಾನಂತೂ ಒಪ್ಪುವುದಿಲ್ಲ. ಇನ್ನೊಂದು, ಬೇಸಿಗೆಯ ಸೀಸನ್‌ಗೆ ಮಾತ್ರ ಕೆಲಸ ಹಿಡಿಯುವುದು. ಸಂಬಳ ಸಿಗುತ್ತದೆ, ಕತ್ತಲಿಲ್ಲ, ಇಷ್ಟವಾಗದಿದ್ದರೆ ಸೆಪ್ಟೆಂಬರ್‌ಗೆ ವಾಪಸ್. ಆದರೆ ಹೋಗಿಬರುವ ಖರ್ಚೇ ಉಳಿತಾಯದ ಒಂದು ಪಾಲು ತಿನ್ನುತ್ತದೆ. ವರ್ಷದ ಒಪ್ಪಂದ ಸಿಕ್ಕರೆ ಹಣ ಉಳಿಯುತ್ತದೆ, ಕತ್ತಲನ್ನೂ ಎದುರಿಸಬೇಕು. ನನ್ನ ಮನೆಯ ಹುಡುಗನಾಗಿದ್ದರೆ ಬೇಸಿಗೆಗೇ ಕಳಿಸುತ್ತಿದ್ದೆ.

ಯಾವುದೇ ಆದರೂ ಮಗನೇ ಹೋಟೆಲ್‌ಗಳಿಗೆ ನೇರವಾಗಿ ಈಮೇಲ್ ಬರೆಯಲಿ. ದುಬೈ ಅನುಭವ ಇರುವವನಿಗೆ ನಡುವೆ ಏಜೆಂಟ್ ಯಾಕೆ? ಹೊಸ ವರ್ಷದ ಹೊತ್ತಿಗೆ ಬರೆದರೆ ಬೇಸಿಗೆಯ ಕೆಲಸಕ್ಕೆ ಸರಿಯಾಗುತ್ತದೆ. ಒಪ್ಪಂದದಲ್ಲಿ ಸಂಬಳ, ಕೋಣೆ ಮತ್ತು ಅದರ ಬಾಡಿಗೆ, ಕೆಲಸ ಬಿಟ್ಟರೆ ಎಷ್ಟು ದಿನಕ್ಕೆ ಕೋಣೆ ಖಾಲಿ ಮಾಡಬೇಕು, ವೈದ್ಯಕೀಯ ವಿಮೆ ಯಾರದು, ಇಷ್ಟು ಬರವಣಿಗೆಯಲ್ಲಿ ಇರಲಿ. ಅದು ಕೈಗೆ ಬಂದ ಮೇಲೆ ಎರಡು ಪ್ರವೇಶದ ಶೆಂಗೆನ್ ವೀಸಾಕ್ಕೆ ಅರ್ಜಿ. ವಾಪಸ್ ಟಿಕೆಟ್‌ನ ದುಡ್ಡನ್ನು ಅವನ ಕೈಗೆ ಕೊಡಬೇಡಿ, ನಿಮ್ಮ ಖಾತೆಯಲ್ಲೇ ಇಟ್ಟುಕೊಳ್ಳಿ. ಏಜೆಂಟ್ ಮತ್ತೆ ಫೋನ್ ಮಾಡಿದರೆ ಹೋಟೆಲ್‌ನ ಹೆಸರು, ಅವರು ಸಹಿ ಮಾಡಿದ ಪತ್ರ, ಕೋಣೆಯ ವಿಳಾಸ ಕೇಳಿ. ಮೂರರಲ್ಲಿ ಒಂದನ್ನೂ ಅವನು ಕೊಡಲಾರ ಅಂತ ನನ್ನ ಅಂದಾಜು.